ನಿಮ್ಮ ಡಬ್ಬಿಯ ಚಕ್ಕೆ ಯಾವುದು?

(ಮಸಾಲೆ ಪುಡಿ ಮಾಡಿ ಮಾರುವ ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)



ಈ ತಟ್ಟೆ ನೋಡಿ. ಇದರಲ್ಲಿ ಎರಡು ಬಗೆಯ ಚಕ್ಕೆ ಇದೆ. ಎರಡನ್ನೂ ಅಂಗಡಿಯಿಂದಲೇ ತಂದಿದ್ದೇನೆ. ಎರಡಕ್ಕೂ ಅಂಗಡಿಯವರು ಹೇಳಿದ ಹೆಸರು ಒಂದೇ, ದಾಲ್ಚಿನ್ನಿ. ಆದರೆ ಇವು ಒಂದೇ ಮರದ ತೊಗಟೆ ಅಲ್ಲ. ಬಲಗಡೆ ಇರುವುದು ಶ್ರೀಲಂಕಾದ ದಾಲ್ಚಿನ್ನಿ. ಎಡಗಡೆ ಇರುವುದು ಕ್ಯಾಸಿಯಾ. ಎರಡೂ ಒಂದೇ ಕುಲದ ಮರಗಳು. ಅಕ್ಕ ತಂಗಿಯರ ಹಾಗೆ ಅಂದುಕೊಳ್ಳಿ. ಮುಖ ಹೋಲುತ್ತದೆ, ಗುಣ ಬೇರೆ.

ತಟ್ಟೆ ಕೈಯಿಂದ ಕೈಗೆ ಹೋಗಲಿ. ಮುಟ್ಟಿ ನೋಡಿ, ಮೂಸಿ ನೋಡಿ, ಮುರಿದು ನೋಡಿ. ಅಷ್ಟರಲ್ಲಿ ನಾನು ಮಾತು ಮುಂದುವರಿಸುತ್ತೇನೆ.

ನಾವು ಅಡುಗೆಮನೆಯಲ್ಲಿ ‘ಚಕ್ಕೆ ಲವಂಗ ಹಾಕು’ ಅಂತೀವಿ. ಬಿಸಿಬೇಳೆ ಬಾತಿನ ಪುಡಿಗೆ ಚಕ್ಕೆ ಬೇಕು. ವಾಂಗಿಬಾತಿನ ಪುಡಿಗೆ ಬೇಕು. ಕುರ್ಮಕ್ಕೆ, ಪಲಾವಿಗೆ, ಮಟನ್ ಸಾರಿಗೆ ಬೇಕು. ಆದರೆ ಚಕ್ಕೆ ಅನ್ನೋ ಮಾತಿಗೆ ಅರ್ಥ ಏನು? ಮರದ ಸಿಪ್ಪೆಯ ತುಂಡು, ಅಷ್ಟೇ. ಯಾವ ಮರ ಅಂತ ಆ ಹೆಸರು ಹೇಳೋದಿಲ್ಲ. ದಾಲ್ಚಿನ್ನಿ ಅನ್ನೋ ಹೆಸರೂ ನಮಗೆ ಸಹಾಯ ಮಾಡೋದಿಲ್ಲ. ಅದು ಪಾರ್ಸಿ ಭಾಷೆಯಿಂದ ಬಂದ ಮಾತು. ‘ಚೀನಾದ ಕಟ್ಟಿಗೆ’ ಅಂತ ಅದರ ಅರ್ಥ. ನೋಡಿ ತಮಾಷೆ! ಶ್ರೀಲಂಕಾದ ತೊಗಟೆಗೆ ಚೀನಾದ ಹೆಸರು. ಅದಕ್ಕೇ ನಾನು ಹೇಳೋದು, ಹೆಸರು ನಂಬಬೇಡಿ, ವಸ್ತು ನೋಡಿ.

ಭಾರತಕ್ಕೆ ವಿಯೆಟ್ನಾಂ, ಚೀನಾ, ಇಂಡೋನೇಷ್ಯಾ ದೇಶಗಳಿಂದ ಕ್ಯಾಸಿಯಾ ಬರುತ್ತದೆ. ಅದರ ಬೆಲೆ ಕಡಿಮೆ. ಶ್ರೀಲಂಕಾದ ಒಳ್ಳೆಯ ದಾಲ್ಚಿನ್ನಿಗೆ ಅದರ ಹಲವು ಪಟ್ಟು ಬೆಲೆ. ನಮ್ಮ ಬಹುಪಾಲು ಅಡುಗೆಮನೆಗಳಲ್ಲಿ ಇರುವುದು ಕ್ಯಾಸಿಯಾ. ನಿಮ್ಮ ಮನೆಯ ಡಬ್ಬಿಯಲ್ಲೂ ಅದೇ ಇದ್ದರೆ ಆಶ್ಚರ್ಯ ಇಲ್ಲ.

‘ಹಂಗಾದ್ರೆ ನಾವು ಇಷ್ಟು ದಿನ ಕಲಬೆರಕೆ ತಿಂದ್ವಾ ಮೇಡಂ?’ ಅಂತ ಅಲ್ಲಿಂದ ಒಬ್ಬರು ಕೇಳ್ತಿದ್ದಾರೆ.

ಇಲ್ಲಮ್ಮ. ಕ್ಯಾಸಿಯಾ ವಿಷ ಅಲ್ಲ. ಅದು ಕೂಡ ಒಂದು ಮಸಾಲೆಯೇ. ಅದರ ವಾಸನೆ ಜೋರು, ಖಾರ ಜಾಸ್ತಿ. ನಮ್ಮ ಪಲಾವಿನ ರುಚಿ ಬಹಳ ಮಟ್ಟಿಗೆ ಅದರದೇ ರುಚಿ. ನನಗೆ ಕೇಳಿದರೆ, ಮಟನ್ ಸಾರಿಗೆ ಕ್ಯಾಸಿಯಾನೇ ಸರಿ. ತಪ್ಪು ಇರುವುದು ಬೇರೆ ಕಡೆ. ಕ್ಯಾಸಿಯಾ ಕೊಟ್ಟು ದಾಲ್ಚಿನ್ನಿಯ ದುಡ್ಡು ತೆಗೆದುಕೊಂಡರೆ ಅದು ಮೋಸ. ನಮ್ಮ ಕಾನೂನು ಕೂಡ ಎರಡನ್ನೂ ಬೇರೆ ಬೇರೆ ಅಂತಲೇ ಹೇಳುತ್ತದೆ. 2011ರ ಆಹಾರ ನಿಯಮಗಳಲ್ಲಿ ದಾಲ್ಚಿನ್ನಿಗೆ ಒಂದು ಕಲಮು, ಕ್ಯಾಸಿಯಾಕ್ಕೆ ಇನ್ನೊಂದು ಕಲಮು ಇದೆ.

ಇನ್ನೊಂದು ಕಾರಣವೂ ಇದೆ, ಅದು ಮೈಗೆ ಸಂಬಂಧಿಸಿದ್ದು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಗುರುತು ಹಿಡಿಯೋದು ಹೇಗೆ ಅಂತ ಕಲಿಯೋಣ.

ಬಲಗಡೆಯ ಸುರುಳಿಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಒಳಗೆ ಏನು ಕಾಣುತ್ತದೆ? ಪದರದ ಒಳಗೆ ಪದರ, ಅದರ ಒಳಗೆ ಇನ್ನೊಂದು ಪದರ. ನಿಮ್ಮಲ್ಲಿ ಬೀಡಿ ಕಟ್ಟುವವರು ಇದ್ದೀರಿ. ನಿಮಗೆ ಇದು ಬೇಗ ತಿಳಿಯುತ್ತದೆ. ಎಲೆಯೊಳಗೆ ತಂಬಾಕು ತುಂಬಿದ ಹಾಗೆ, ಈ ಸುರುಳಿಯೊಳಗೆ ತೆಳ್ಳಗಿನ ಸಿಪ್ಪೆಗಳನ್ನೇ ತುಂಬಿದ್ದಾರೆ. ಒಂದೊಂದು ಸಿಪ್ಪೆ ದಪ್ಪ ಕಾಗದದಷ್ಟು ತೆಳು. ಸುಮಾರು ಅರ್ಧ ಮಿಲಿಮೀಟರು.

ಈಗ ಎಡಗಡೆಯದು ನೋಡಿ. ಇಲ್ಲಿ ಇರುವುದು ಒಂದೇ ಪದರ. ಅದು ದಪ್ಪ. ಒಂದು ಮಿಲಿಮೀಟರಿನಿಂದ ಮೂರು ಮಿಲಿಮೀಟರು, ಕೆಲವು ಸಲ ಇನ್ನೂ ಹೆಚ್ಚು. ಅಂಚು ಒಳಕ್ಕೆ ಬಾಗಿದೆ. ಕೆಲವು ತುಂಡು ಸುರುಳಿಯೇ ಆಗಿಲ್ಲ, ಹೆಂಚಿನ ಚೂರಿನ ಹಾಗಿದೆ. ನಡುವೆ ಟೊಳ್ಳು.

ಬಣ್ಣ ನೋಡಿ. ದಾಲ್ಚಿನ್ನಿ ತಿಳಿ ಕಂದು, ಸ್ವಲ್ಪ ಹಳದಿ ಕಡೆಗೆ. ಕ್ಯಾಸಿಯಾ ಕೆಂಪು ಮಿಶ್ರಿತ ಗಾಢ ಕಂದು. ದಾಲ್ಚಿನ್ನಿಯ ಹೊರಮೈ ನುಣುಪು. ಅದರ ಮೇಲೆ ಉದ್ದಕ್ಕೆ ತಿಳಿ ಬಣ್ಣದ ಗೆರೆಗಳು ಅಲೆ ಅಲೆಯಾಗಿ ಹೋಗಿವೆ. ಅಲ್ಲಲ್ಲಿ ಎಲೆ, ಕೊಂಬೆ ಇದ್ದ ಜಾಗದ ಸಣ್ಣ ಕಲೆ ಅಥವಾ ತೂತು. ಕ್ಯಾಸಿಯಾದ ಹೊರಮೈ ಒರಟು. ಅನೇಕ ತುಂಡುಗಳ ಮೇಲೆ ಬೂದು ಬಣ್ಣದ ಒಣ ಸಿಪ್ಪೆ ಹಾಗೇ ಉಳಿದಿದೆ.

ಈಗ ಮುರಿಯಿರಿ. ದಾಲ್ಚಿನ್ನಿ ಎರಡು ಬೆರಳಲ್ಲಿ ಒತ್ತಿದರೆ ಸಾಕು, ಒಣ ಎಲೆಯ ಹಾಗೆ ಪುಡಿಯಾಗುತ್ತದೆ. ಮುರಿದ ಕಡೆ ಸಣ್ಣ ನಾರು ಎದ್ದು ನಿಲ್ಲುತ್ತದೆ. ಕ್ಯಾಸಿಯಾ ಮುರಿಯಲು ಬಲ ಬೇಕು. ‘ಟಕ್’ ಅಂತ ಸದ್ದು ಬರುತ್ತದೆ. ಮಿಕ್ಸಿಗೆ ಹಾಕಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಬ್ಲೇಡಿಗೆ ಬಡಿಯುವ ಸದ್ದೇ ಬೇರೆ.

ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಮನೆಯಲ್ಲೇ ಮಾಡುವ ಪರೀಕ್ಷೆಗಳನ್ನು ಹೇಳಿಕೊಟ್ಟಿದೆ. ಅದರಲ್ಲಿ ಒಂದು ಇದು: ದಾಲ್ಚಿನ್ನಿ ಎಷ್ಟು ತೆಳು ಅಂದರೆ ಪೆನ್ಸಿಲ್ಲಿನ ಸುತ್ತ ಸುತ್ತಬಹುದು. ತೀರ ಒಣಗಿದ್ದರೆ ಪುಡಿಯಾದೀತು. ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ ಸುತ್ತಿ ನೋಡಿ. ಕ್ಯಾಸಿಯಾದಲ್ಲಿ ಇದು ಆಗದ ಮಾತು.

ಮೂಗಿಗೂ ಕೆಲಸ ಕೊಡಿ. ಕ್ಯಾಸಿಯಾದ ವಾಸನೆ ಮೂಗಿಗೆ ಹೊಡೆಯುತ್ತದೆ. ದಾಲ್ಚಿನ್ನಿಯದು ಮೆತ್ತಗೆ ಬರುತ್ತದೆ. ಅದರ ಹಿಂದೆ ಲವಂಗದ ಎಳೆಯೊಂದು ಇರುತ್ತದೆ. ಅದು ಭ್ರಮೆ ಅಲ್ಲ. ಲವಂಗದಲ್ಲಿ ಯೂಜಿನಾಲ್ ಅನ್ನೋ ಎಣ್ಣೆಯ ಅಂಶ ಇದೆ. ಅದೇ ಅಂಶ ದಾಲ್ಚಿನ್ನಿಯಲ್ಲೂ ಸ್ವಲ್ಪ ಇದೆ. ಕ್ಯಾಸಿಯಾದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಾಲಿಗೆ ಮೇಲೆ ಒಂದು ಚೂರು ಇಟ್ಟು ಅಗಿಯಿರಿ. ದಾಲ್ಚಿನ್ನಿ ಸಿಹಿ. ಕ್ಯಾಸಿಯಾ ಸಿಹಿ, ಖಾರ, ಒಗರು ಮೂರೂ. ಜೊತೆಗೆ ಬಾಯಲ್ಲಿ ಲೋಳೆ ಲೋಳೆ ಆಗುತ್ತದೆ.

ಯಾಕೆ ಒಂದು ಇಷ್ಟು ತೆಳು, ಇನ್ನೊಂದು ಇಷ್ಟು ದಪ್ಪ? ಇದರಲ್ಲಿ ಮರದ ಗುಣ ಎಷ್ಟಿದೆಯೋ, ಮನುಷ್ಯರ ಕೈಕೆಲಸವೂ ಅಷ್ಟೇ ಇದೆ. ಶ್ರೀಲಂಕಾದಲ್ಲಿ ಗಿಡ ದೊಡ್ಡ ಮರ ಆಗಲು ಬಿಡೋದಿಲ್ಲ. ಬುಡದ ಹತ್ತಿರ ಕಡಿಯುತ್ತಾರೆ. ಆಗ ಬುಡದಿಂದ ಹೊಸ ಕೋಲುಗಳು ಚಿಗುರುತ್ತವೆ. ಅವು ಸುಮಾರು ಎರಡು ವರ್ಷಕ್ಕೆ ಕೊಯ್ಲಿಗೆ ಬರುತ್ತವೆ. ಮಳೆ ಬಿದ್ದು ತೊಗಟೆ ಸುಲಭವಾಗಿ ಬಿಡುವಾಗ ಕತ್ತರಿಸುತ್ತಾರೆ. ಮೊದಲು ಹೊರಗಿನ ಒರಟು ಸಿಪ್ಪೆಯನ್ನು ಹೆರೆದು ತೆಗೆಯುತ್ತಾರೆ. ಆಮೇಲೆ ಹಿತ್ತಾಳೆಯ ಸರಳಿನಿಂದ ಉಜ್ಜುತ್ತಾರೆ. ಒಳ ತೊಗಟೆ ಸಡಿಲ ಆಗುತ್ತದೆ. ಚಾಕುವಿನಿಂದ ಸೀಳಿ, ಹರಿಯದ ಹಾಗೆ ಬಿಡಿಸುತ್ತಾರೆ. ಒಂದರೊಳಗೆ ಒಂದು ಜೋಡಿಸಿ, ಸಣ್ಣ ಚೂರುಗಳನ್ನು ಒಳಗೆ ತುಂಬಿ, ಸುಮಾರು ಮೂರೂವರೆ ಅಡಿ ಉದ್ದದ ಸುರುಳಿ ಮಾಡುತ್ತಾರೆ. ನೆರಳಲ್ಲಿ ಒಣಗಿಸುತ್ತಾರೆ. ಒಣಗುವಾಗ ಕೈಯಲ್ಲಿ ಮತ್ತೆ ಮತ್ತೆ ಉರುಳಿಸಿ ಬಿಗಿ ಮಾಡುತ್ತಾರೆ. ಎಲ್ಲಕ್ಕಿಂತ ತೆಳ್ಳಗಿನ ದರ್ಜೆಗೆ ‘ಆಲ್ಬಾ’ ಅಂತ ಹೆಸರು. ಆ ಸುರುಳಿಯ ದಪ್ಪ ಆರು ಮಿಲಿಮೀಟರು ದಾಟಬಾರದು. ಪೆನ್ಸಿಲ್ಲಿಗಿಂತ ಸಣ್ಣ! ಈ ಕೈಚಳಕಕ್ಕೆ ಕೂಲಿ ಕೊಡಬೇಕಲ್ಲ. ಬೆಲೆ ಹೆಚ್ಚಾಗಲು ಇದೂ ಒಂದು ಕಾರಣ.

ಈ ತೊಗಟೆಗಾಗಿ ರಾಜ್ಯಗಳೇ ಬಡಿದಾಡಿವೆ. 1505ರಲ್ಲಿ ಪೋರ್ಚುಗೀಸರು ಶ್ರೀಲಂಕಾಕ್ಕೆ ಬಂದರು. 1658ರಲ್ಲಿ ಡಚ್ಚರು ಅವರನ್ನು ಓಡಿಸಿದರು. 1796ರಲ್ಲಿ ಇಂಗ್ಲಿಷರು ಡಚ್ಚರಿಂದ ಕಿತ್ತುಕೊಂಡರು. ನಮ್ಮ ಪಕ್ಕದ ಕೇರಳದ ಕಣ್ಣೂರಿನ ಹತ್ತಿರ ಅಂಜರಕಂಡಿಯಲ್ಲೂ ಈಸ್ಟ್ ಇಂಡಿಯಾ ಕಂಪನಿ ದಾಲ್ಚಿನ್ನಿ ತೋಟ ಹಾಕಿಸಿತು. 2022ರಲ್ಲಿ ಐರೋಪ್ಯ ಒಕ್ಕೂಟ ‘ಸಿಲೋನ್ ದಾಲ್ಚಿನ್ನಿ’ ಅನ್ನೋ ಹೆಸರಿಗೆ ಭೌಗೋಳಿಕ ಗುರುತು ಕೊಟ್ಟಿತು. ನಮ್ಮ ಮೈಸೂರು ಮಲ್ಲಿಗೆಗೆ ಇರುವಂಥದ್ದೇ ಗುರುತು ಅದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಿಮ್ಮಲ್ಲಿ ಕೆಲವರ ಹಿತ್ತಲಲ್ಲಿ ದಾಲ್ಚಿನ್ನಿ ಮರ ಇರಬಹುದು. ಎಲೆಯ ಬುಡದಿಂದ ಮೂರು ದಪ್ಪ ನರ ಹೊರಡುತ್ತವೆ. ಎಳೆ ಎಲೆ ಕೆಂಪಗಿರುತ್ತದೆ. ಎಲೆ ಕಿವುಚಿದರೆ ಲವಂಗದ ವಾಸನೆ. ಅಂಥ ಮರದ ಹಳೆಯ ಕಾಂಡದಿಂದ ತೊಗಟೆ ಕೆತ್ತಿದರೆ ಅದು ದಪ್ಪಗೇ ಬರುತ್ತದೆ. ದಪ್ಪ ಇದೆ ಅಂತ ಅದನ್ನು ಕ್ಯಾಸಿಯಾ ಅನ್ನಬೇಡಿ. ನಮ್ಮ ಮಲೆನಾಡಿನ ಕಾಡಿನಲ್ಲೂ ದಾಲ್ಚಿನ್ನಿ ಕುಲದ ಬೇರೆ ಮರಗಳಿವೆ. ಅವುಗಳ ಚಕ್ಕೆಯೂ ಬೇರೆ. ಆದ್ದರಿಂದ ಒಂದೇ ಗುರುತು ನೋಡಿ ತೀರ್ಮಾನ ಮಾಡಬಾರದು. ಪದರ, ಬಣ್ಣ, ಮುರಿಯುವ ಬಗೆ, ವಾಸನೆ, ರುಚಿ ಎಲ್ಲವನ್ನೂ ಸೇರಿಸಿ ನೋಡಬೇಕು. ಹೆಣ್ಣು ನೋಡಲು ಬಂದವರು ಬರೀ ಜಡೆ ನೋಡಿ ಹೋಗುತ್ತಾರಾ?

ಸರಿ, ಇಡೀ ಚಕ್ಕೆ ಇದ್ದರೆ ಕಣ್ಣು ಕೈ ಸಾಕು. ಪುಡಿ ಮಾಡಿಬಿಟ್ಟರೆ? ಪದರ ಹೋಯಿತು, ಸುರುಳಿ ಹೋಯಿತು. ಬಣ್ಣ ಬೇಕಾದರೆ ಬೆರೆಸಬಹುದು. ಆಗ ಈ ಯಂತ್ರ ಬೇಕು. ಇದರ ಹೆಸರು ಸೂಕ್ಷ್ಮದರ್ಶಕ. ಸಣ್ಣದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಹೈಸ್ಕೂಲಿನ ಮೇಷ್ಟ್ರು ಇವತ್ತಿಗೆ ಅಂತ ಕೊಟ್ಟಿದ್ದಾರೆ. ಒಬ್ಬೊಬ್ಬರೇ ಬಂದು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಇಲ್ಲಿ ಇಡಿ.

ಗಾಜಿನ ಚೂರಿನ ಮೇಲೆ ಚಿಟಿಕೆಗಿಂತ ಕಡಿಮೆ ಪುಡಿ ಹಾಕಿದ್ದೇನೆ. ಒಂದು ತೊಟ್ಟು ನೀರು, ಸ್ವಲ್ಪ ಅಯೋಡಿನ್. ಗಾಯಕ್ಕೆ ಹಚ್ಚುತ್ತಿದ್ದ ಟಿಂಚರ್ ನೆನಪಿದೆಯಲ್ಲ, ಅದರಲ್ಲಿ ಇದ್ದದ್ದೇ ಇದು. ಅಯೋಡಿನ್ ತಗುಲಿದರೆ ಗಂಜಿಯ ಅಂಶ ನೀಲಿ ಆಗುತ್ತದೆ. ಅಕ್ಕಿಯಲ್ಲಿ ಇರುವ ಹಾಗೆ ತೊಗಟೆಯಲ್ಲೂ ಗಂಜಿಯ ಕಾಳುಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣ. ಒಂದು ಮಿಲಿಮೀಟರಿನಲ್ಲಿ ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಅಂತ ಹೆಸರು. ದಾಲ್ಚಿನ್ನಿಯ ಗಂಜಿಕಾಳು 10 ಮೈಕ್ರಾನ್ ದಾಟುವುದು ಅಪರೂಪ. ಕ್ಯಾಸಿಯಾದಲ್ಲಿ 10 ದಾಟಿದ ಕಾಳುಗಳು ಬೇಕಾದಷ್ಟಿವೆ. 20ರ ಹತ್ತಿರ ಹೋದವೂ ಇವೆ. ಚಿರೋಟಿ ರವೆ ಪಕ್ಕ ಇಡ್ಲಿ ರವೆ ಇಟ್ಟ ಹಾಗೆ. ಕಾಳಿನ ಸಂಖ್ಯೆಯೂ ಕ್ಯಾಸಿಯಾದಲ್ಲೇ ಹೆಚ್ಚು. ಆದ್ದರಿಂದ ನೀಲಿ ಬಣ್ಣವೂ ಗಾಢ.

ಈಗ ಉದ್ದನೆಯ ಸೂಜಿಯಂಥದ್ದು ಕಾಣುತ್ತಿದೆಯಾ? ಅದು ತೊಗಟೆಯ ನಾರು. ಅದಕ್ಕೆ ದಪ್ಪ ಗೋಡೆ ಇದೆ. ದಾಲ್ಚಿನ್ನಿಯಲ್ಲಿ ಈ ನಾರಿನ ಅಗಲ 30 ಮೈಕ್ರಾನ್ ಒಳಗೆ. ಕ್ಯಾಸಿಯಾದಲ್ಲಿ ಅದಕ್ಕಿಂತ ಅಗಲ, 40ರವರೆಗೂ ಇರುತ್ತದೆ.

ಇನ್ನೊಂದು ಗಾಜಿನಲ್ಲಿ ತೊಗಟೆಯನ್ನು ಅಡ್ಡಕ್ಕೆ ಕತ್ತರಿಸಿ ಇಟ್ಟಿದ್ದೇನೆ. ಚಕ್ಕೆಯನ್ನು ನೆನೆಸಿ, ಬ್ಲೇಡಿನಿಂದ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಕೊಯ್ದದ್ದು. ಹೊರ ಅಂಚಿನಲ್ಲಿ ಒಂದು ಪಟ್ಟಿ ಕಾಣುತ್ತದೆ. ಅದು ಕಲ್ಲುಕೋಶಗಳ ಪಟ್ಟಿ. ಸೀಬೆಹಣ್ಣು ತಿನ್ನುವಾಗ ಮರಳಿನಂಥ ಕಣ ಹಲ್ಲಿಗೆ ಸಿಗುತ್ತದಲ್ಲ, ಅವೂ ಕಲ್ಲುಕೋಶಗಳೇ. ಇಲ್ಲಿ ಅನೇಕ ಕೋಶಗಳಿಗೆ ಮೂರು ಕಡೆ ಗೋಡೆ ದಪ್ಪ, ಒಂದು ಕಡೆ ತೆಳು. ಕುದುರೆ ಲಾಳದ ಹಾಗೆ ಕಾಣುತ್ತವೆ. ದಾಲ್ಚಿನ್ನಿಯಲ್ಲಿ ಈ ಪಟ್ಟಿಯೇ ಸಾಮಾನ್ಯವಾಗಿ ಹೊರಗಿನ ಗಡಿ. ಯಾಕೆಂದರೆ ಅದರ ಮೇಲಿನ ಸಿಪ್ಪೆಯನ್ನು ಆಗಲೇ ಹೆರೆದು ತೆಗೆದಿದ್ದಾರೆ. ಕ್ಯಾಸಿಯಾದಲ್ಲಿ ಪಟ್ಟಿಯ ಹೊರಗೆ ಇನ್ನೂ ಸಾಲು ಸಾಲು ಕೋಶಗಳಿವೆ. ಇಟ್ಟಿಗೆ ಗೋಡೆಯ ಹಾಗಿವೆ. ಅದು ಹೊರಗಿನ ಬೆಂಡು ಸಿಪ್ಪೆ. ದಾಲ್ಚಿನ್ನಿ ಅಂತ ಮಾರುವ ಪುಡಿಯಲ್ಲಿ ಈ ಬೆಂಡಿನ ಚೂರು ತುಂಬಾ ಕಂಡರೆ ಪರೀಕ್ಷೆ ಮಾಡುವವರಿಗೆ ಅನುಮಾನ ಬರುತ್ತದೆ.

ಮನೆಮನೆಗೆ ಸೂಕ್ಷ್ಮದರ್ಶಕ ತರಲು ಆಗೋದಿಲ್ಲ, ಗೊತ್ತು. ಇಷ್ಟು ತಿಳಿದರೆ ಸಾಕು: ಪುಡಿ ಮಾಡಿದರೂ ಮರದ ಗುರುತು ಅಳಿಯೋದಿಲ್ಲ. ನೋಡುವ ಕಣ್ಣು ಬೇಕು ಅಷ್ಟೇ. ಪುಡಿ ತರುವ ಬದಲು ಇಡೀ ಚಕ್ಕೆ ತಂದು ಮನೆಯಲ್ಲೇ ಪುಡಿ ಮಾಡಿದರೆ ಈ ತಾಪತ್ರಯವೇ ಇಲ್ಲ. 2023ರಲ್ಲಿ ಅಮೆರಿಕದಲ್ಲಿ ಏನಾಯಿತು ಗೊತ್ತಾ? ಸೇಬು ಅರೆದು ಮಾಡಿದ ಮಕ್ಕಳ ತಿನಿಸಿನಲ್ಲಿ ಸೀಸ ಸಿಕ್ಕಿತು. ಎಲ್ಲಿಂದ ಬಂತು ಅಂತ ಹುಡುಕಿದರೆ, ಅದಕ್ಕೆ ಬೆರೆಸಿದ್ದ ದಾಲ್ಚಿನ್ನಿ ಪುಡಿಯಿಂದ. ಎಷ್ಟೋ ಮಕ್ಕಳ ರಕ್ತದಲ್ಲಿ ಸೀಸ ಏರಿತ್ತು. ಪುಡಿಯ ವಿಷಯದಲ್ಲಿ ನನಗೆ ಭಯ ಇರುವುದು ಇದಕ್ಕೇ.

ಈಗ ಮೈಯ ಮಾತು. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನೋ ಒಂದು ಅಂಶ ಇದೆ. ಅದು ಹೆಚ್ಚಾದರೆ ಕೆಲವರ ಯಕೃತ್ತಿಗೆ, ಅಂದರೆ ಲಿವರಿಗೆ, ತೊಂದರೆ ಆಗುತ್ತದೆ. ಶ್ರೀಲಂಕಾದ ದಾಲ್ಚಿನ್ನಿಯಲ್ಲಿ ಅದು ಇದ್ದೂ ಇಲ್ಲದಷ್ಟು. ಪಲಾವಿಗೆ ಹಾಕುವ ಒಂದು ತುಂಡಿನಿಂದ ಹೆದರಬೇಕಾಗಿಲ್ಲ. ಅದನ್ನು ನಾವು ತಟ್ಟೆಯ ಪಕ್ಕಕ್ಕೆ ಎತ್ತಿಡುತ್ತೇವೆ. ತೊಂದರೆ ಇರುವುದು ದಿನಾ ಔಷಧಿ ಹಾಗೆ ತಿನ್ನುವವರಿಗೆ.

ಸಕ್ಕರೆ ಕಾಯಿಲೆಗೆ ಚಕ್ಕೆ ಪುಡಿ ಒಳ್ಳೇದು ಅಂತ ಈಗ ಎಲ್ಲರ ಮೊಬೈಲಿಗೂ ಬರುತ್ತಿದೆ. ಬೆಳಿಗ್ಗೆ ಒಂದು ಚಮಚ ಬಿಸಿನೀರಿಗೆ ಹಾಕಿ ಕುಡಿಯಿರಿ ಅಂತಾರೆ. ಯಾವ ಚಕ್ಕೆ ಅಂತ ಹೇಳುತ್ತಾರಾ? ಇಲ್ಲ. ಒಂದು ಸಣ್ಣ ಚಮಚ ಮಟ್ಟಸವಾಗಿ ತೆಗೆದರೆ ಸುಮಾರು ಎರಡೂವರೆ ಗ್ರಾಂ ಪುಡಿ. ಜರ್ಮನಿಯ ಸರ್ಕಾರಿ ಸಂಸ್ಥೆಯೊಂದು ಇದರ ಲೆಕ್ಕ ಹಾಕಿದೆ. 60 ಕಿಲೋ ತೂಕದ ದೊಡ್ಡವರು ದಿನಾ ತಿನ್ನುವುದಾದರೆ ಕ್ಯಾಸಿಯಾ 2 ಗ್ರಾಂ ದಾಟಬಾರದು. 15 ಕಿಲೋ ತೂಕದ ಮಗುವಿಗೆ ಅರ್ಧ ಗ್ರಾಂ. ಅಂದರೆ ಆ ಒಂದು ಚಮಚವೇ ಮಿತಿ ದಾಟಿತು. ನಮ್ಮಲ್ಲಿ 60 ಕಿಲೋ ತೂಗದ ಹೆಂಗಸರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ನೋಡಿ, ಅರ್ಧಕ್ಕರ್ಧ ಕೈ ಮೇಲಿದೆ. ನಿಮಗೆ ಮಿತಿ ಇನ್ನೂ ಕಡಿಮೆ.

‘ಹಂಗಾದ್ರೆ ಲಂಕಾದ್ದು ತಗೊಂಡ್ರೆ ಸಕ್ಕರೆ ಕಾಯಿಲೆ ಹೋಗುತ್ತಾ?’ ಅಂತ ನಮ್ಮ ಅಜ್ಜಿ ಕೇಳ್ತಿದ್ದಾರೆ. ಹೋಗೋದಿಲ್ಲ ಅಜ್ಜಿ. ಚಕ್ಕೆಯಿಂದ ಸಕ್ಕರೆ ಹತೋಟಿಗೆ ಬರುತ್ತದೆ ಅಂತ ಗಟ್ಟಿಯಾಗಿ ಇನ್ನೂ ಸಾಬೀತಾಗಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಲಿವರಿನ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ದಿನಾ ಚಕ್ಕೆ ಪುಡಿ ತಿನ್ನಬೇಡಿ.

ನಮ್ಮ ಸಂಘದ ಮಾತಿಗೆ ಬರುತ್ತೇನೆ. ನಾವು ಮಸಾಲೆ ಪುಡಿ ಮಾರುತ್ತೇವೆ. ಪೊಟ್ಟಣದ ಮೇಲೆ ಏನು ಬರೆಯಬೇಕು? ಕ್ಯಾಸಿಯಾ ಹಾಕಿದ್ದರೆ ಕ್ಯಾಸಿಯಾ ಅಂತಲೇ ಬರೆಯೋಣ. ಬೆಲೆಯನ್ನೂ ಅದಕ್ಕೆ ತಕ್ಕ ಹಾಗೆ ಇಡೋಣ. ನಾವು ಕೊಳ್ಳುವಾಗಲೂ ಅಷ್ಟೇ. ಪೊಟ್ಟಣ ಹಿಡಿದು ಅಕ್ಷರ ಓದಿ. ಈಗ ನಿಮಗೆ ಓದಲು ಬರುತ್ತದೆ. ಕೆಲವು ಪೊಟ್ಟಣಗಳ ಮೇಲೆ ಕನ್ನಡ ಇರುವುದಿಲ್ಲ. ಆಹಾರದ ಪೊಟ್ಟಣದ ಮೇಲೆ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು ಅಂತ ನಿಯಮ. ಈ ನಿಯಮ ನನಗೆ ಸರಿ ಕಾಣೋದಿಲ್ಲ. ಅಂಥ ಕಡೆ ‘ಇದರಲ್ಲಿ ಸಿನಮನ್ ಅಂತ ಬರೆದಿದೆಯೋ, ಕ್ಯಾಸಿಯಾ ಅಂತಲೋ, ಓದಿ ಹೇಳಿ’ ಅಂತ ಅಂಗಡಿಯವರನ್ನೇ ಕೇಳಿ. ಕೇಳಲು ನಾಚಿಕೆ ಬೇಡ. ಬಿಡಿಯಾಗಿ ಕೊಳ್ಳುವಾಗ ಒಂದು ತುಂಡು ಕೈಗೆ ತೆಗೆದುಕೊಂಡು ತುದಿ ನೋಡಿ, ಮುರಿದು ಮೂಸಿ, ಆಮೇಲೆ ತೂಗಿಸಿ.

ದಾಲ್ಚಿನ್ನಿಯ ದುಡ್ಡು ಕೊಟ್ಟಿದ್ದೀರಿ, ಬಂದದ್ದರ ಮೇಲೆ ಅನುಮಾನ ಇದೆ ಅಂತ ಇಟ್ಟುಕೊಳ್ಳಿ. ಆಗ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮು ನಮಗೆ ಇನ್ನೊಂದು ಹಕ್ಕು ಕೊಟ್ಟಿದೆ. ಕೊಂಡವರು ತಾವೇ ಆ ವಸ್ತುವನ್ನು ಆಹಾರ ವಿಶ್ಲೇಷಕರ ಹತ್ತಿರ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಅಂತ ಅಂಗಡಿಯವರಿಗೆ ಹೇಳಬೇಕು. ಅದಕ್ಕೆ ಶುಲ್ಕ ಇದೆ. ವಸ್ತು ಕಾಯ್ದೆಗೆ ತಕ್ಕ ಹಾಗೆ ಇಲ್ಲ ಅಂತ ವರದಿ ಬಂದರೆ ಆ ಶುಲ್ಕ ನಮಗೆ ವಾಪಸ್ ಬರುತ್ತದೆ. ಒಬ್ಬರಿಗೆ ಶುಲ್ಕ ಭಾರ ಆದರೆ ಸಂಘದಿಂದ ಕಟ್ಟೋಣ.

ಸೂಕ್ಷ್ಮದರ್ಶಕ ಇನ್ನೂ ಅರ್ಧ ಗಂಟೆ ಇಲ್ಲೇ ಇರುತ್ತದೆ. ಯಾರು ನೋಡಿಲ್ಲವೋ ಅವರು ಬನ್ನಿ. ಮನೆಯಿಂದ ಚಕ್ಕೆ ತಂದವರು ಮೊದಲು ಬನ್ನಿ.